‘ವಿಲ್’ ಎಲ್ಲಿ ಬರಬೇಕು? ಕನ್ನಡದ ಕ್ರಿಯಾಪದ ಕೇಳಿ ತಿಳಿಯಬಹುದೇ?

ಗೆಳೆಯರೇ,

ಇಂಗ್ಲಿಷಿನ ಸರಳ ಭವಿಷ್ಯತ್ಕಾಲದ ಬಗ್ಗೆ ಒಂದು ಪ್ರಶ್ನೆ.

ನಾನು ಬಹಳ ಕಾಲ ‘ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್’ ಎಂದೇ ಬರೆಯುತ್ತಿದ್ದೆ. ಅವನು ಬರೋದೂ ನಾಳೆ, ನಾನು ಹೇಳೋದೂ ನಾಳೆ. ಎರಡಕ್ಕೂ ವಿಲ್ ಬೇಕಲ್ವಾ ಅನ್ನಿಸುತ್ತಿತ್ತು. ಸರಿಯಾದದ್ದು ‘ವೆನ್ ಹಿ ಕಮ್ಸ್’. ನಿಯಮ ಬಾಯಿಪಾಠ ಮಾಡಿದರೂ ಕೈ ತಪ್ಪುತ್ತಲೇ ಇತ್ತು.

ಒಮ್ಮೆ ಅದನ್ನೇ ಕನ್ನಡದಲ್ಲಿ ಹೇಳಿ ನೋಡಿದೆ: ‘ಅವನು ಬಂದಾಗ ಹೇಳ್ತೀನಿ.’ ಇನ್ನೂ ಬಾರದವನಿಗೆ ‘ಬಂದ’ ಅಂತೀವಿ! ನಾಳೆ ಅನ್ನೋ ಭಾರವನ್ನೆಲ್ಲ ‘ಹೇಳ್ತೀನಿ’ ಒಂದೇ ಹೊರುತ್ತದೆ. ‘ಮಳೆ ಬಂದರೆ’, ‘ಊಟ ಆದ ಮೇಲೆ’ ಕೂಡ ಹೀಗೇ. ಇಂಗ್ಲಿಷಿನಲ್ಲೂ ಅಲ್ಲೆಲ್ಲ ವಿಲ್ ಇಲ್ಲ.

ಆದರೆ ‘ಅವನು ಬರುವವರೆಗೆ ಕಾಯ್ತೀನಿ’ ಎಂಬಲ್ಲಿ ‘ಬರುವ’ ಇದೆ. ಇಂಗ್ಲಿಷಿನಲ್ಲಿ ಮಾತ್ರ ಆಗಲೂ ‘ಅಂಟಿಲ್ ಹಿ ಕಮ್ಸ್’. ಹಾಗಾಗಿ ‘ಬಂದ’, ‘ಬರುವ’ ನೋಡಿದರೆ ಸಾಲದು. ಕ್ರಿಯಾಪದ ‘ತೀನಿ, ತಾನೆ, ತಾರೆ’ ಅಂತ ಪೂರ್ತಿಯಾಗಿದೆಯೇ ಅಂತ ನೋಡಬೇಕು. ಪೂರ್ತಿಯಾಗಿದ್ದು ನಾಳೆಯ ಮಾತಾದರೆ ವಿಲ್ ಹಾಕು. ‘ಆಗ, ಮೇಲೆ, ವರೆಗೆ, ಅರೆ’ ಅಂಟಿಕೊಂಡು ಅರ್ಧಕ್ಕೇ ನಿಂತಿದ್ದರೆ ಬೇಡ.

ಇದು ಒಂದು ತೊಡಕನ್ನೂ ಬಿಡಿಸುತ್ತದೆ. ‘ಅವನು ಯಾವಾಗ ಬರ್ತಾನೋ ಗೊತ್ತಿಲ್ಲ’ ಅನ್ನಲು ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಸರಿ. ವೆನ್ ಪಕ್ಕದಲ್ಲೇ ವಿಲ್ ಬಂದಿದೆ, ಯಾಕಂದ್ರೆ ಕನ್ನಡದಲ್ಲಿ ‘ಬರ್ತಾನೆ’ ಪೂರ್ತಿ ಇದೆ. ‘ವೆನ್ ಜೊತೆ ವಿಲ್ ಬೇಡ’ ಎಂದಷ್ಟೇ ಕಲಿತವರು ಇಲ್ಲಿ ಎಡವುತ್ತಾರೆ.

‘ಇಫ್ ಯು ವಿಲ್ ವೆಯ್ಟ್ ಎ ಮೊಮೆಂಟ್’ ಅಂತ ಮರ್ಯಾದೆಗೆ ಹೇಳುವುದುಂಟು. ಅಲ್ಲಿ ವಿಲ್ ಅಂದರೆ ಕಾಲವಲ್ಲ, ಮನಸ್ಸು: ಕಾಯುವ ಮನಸ್ಸಿದ್ದರೆ. ವಿಲ್‌ನ ಹಳೆಯ ಅರ್ಥವೇ ಬಯಸು. ಆಸ್ತಿಗೆ ಬರೆಯುವ ವಿಲ್ ಕೂಡ ಅದೇ ಬೇರಿನದು. ಅದೇ ನಮ್ಮಲ್ಲಿ ‘ಉಯಿಲು’ ಆಗಿದೆ.

ನನ್ನ ಸೂತ್ರ ಸೋಲುವುದು ಇಲ್ಲಿ: ‘ನಾಳೆ ಮಾತಾಡುವವರು ಯಾರು?’ ಕ್ರಿಯಾಪದ ಪೂರ್ತಿ ಇಲ್ಲ, ಆದರೂ ‘ಹೂ ವಿಲ್ ಸ್ಪೀಕ್ ಟುಮಾರೋ’ ಅನ್ನಬಹುದು. ‘ಬರುವವರೆಗೆ’ಗೆ ಬೇಡವಾದ ವಿಲ್ ‘ಮಾತಾಡುವವರು’ಗೆ ಯಾಕೆ ಒಗ್ಗುತ್ತದೆ? ಕಲಿಯುವವರಿಗೆ ಇದನ್ನು ಕನ್ನಡದಿಂದಲೇ ವಿವರಿಸುವ ದಾರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.