ಡಬಲ್ ಬಾಸ್ ಮನೆಪಾಠ: ವಾದ್ಯವೃಂದದ ಗುರುವೋ, ಜಾಸ್ ಗುರುವೋ?

ಹೊಸಬಾಸಿಗ: ಆರು ವರ್ಷ ಬಾಸ್ ಗಿಟಾರ್ ನುಡಿಸಿದ್ದೇನೆ. ಈಗ ಜಾಸ್‌ಗಾಗಿ ಡಬಲ್ ಬಾಸ್, ಅಂದರೆ ನೆಲಕ್ಕೆ ಊರಿ ನುಡಿಸುವ ಆಳೆತ್ತರದ ಪಿಟೀಲಿನಂಥ ವಾದ್ಯ, ಕಲಿಯುವ ಆಸೆ. ಪಾಠ ಹೇಳಲು ಇಬ್ಬರು ಒಪ್ಪಿದ್ದಾರೆ. ಒಬ್ಬರು ಸಿಂಫನಿ ವಾದ್ಯವೃಂದದಲ್ಲಿದ್ದವರು. ಮೊದಲ ಆರು ತಿಂಗಳು ಕಮಾನು, ಎಡಗೈಯ ಮೂರು ಬೆರಳಿನ ಸಿಮಾಂಡ್ಲ್ ಪದ್ಧತಿ, ಬೇರೇನೂ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ವಾರಕ್ಕೆ ಮೂರು ರಾತ್ರಿ ಜಾಸ್ ತಂಡದೊಂದಿಗೆ ನುಡಿಸುವವರು. ಪುಸ್ತಕವಿಲ್ಲ, ಕಮಾನಿಲ್ಲ, ಜೊತೆಗೆ ನುಡಿಸುತ್ತ ಕಿವಿ ತೆರೆದಿಟ್ಟರೆ ಸಾಕಂತೆ. ಶುಲ್ಕ ಒಂದೇ. ಯಾರ ಬಳಿ ಹೋಗಲಿ?

ಮಂದ್ರ: ಮೊದಲನೆಯವರ ಬಳಿ. ಕೇಳುವುದೇನಿದೆ? ಫ್ರೆಟ್ (ಸ್ವರದ ಜಾಗ ತೋರಿಸುವ ಪಟ್ಟಿ) ಇಲ್ಲದ ವಾದ್ಯ. ಮೀಟಿದ ಸ್ವರ ಕೂದಲೆಳೆಯಷ್ಟು ಜಾರಿದರೂ ಕರಗಿ ಮರೆಯಾಗುತ್ತದೆ, ಕಮಾನು ಎಳೆದರೆ ಬಣ್ಣ ಬಯಲು. ಜಾಸ್ ಬಾಸಿಗ ಚಾರ್ಲ್ಸ್ ಮಿಂಗಸ್ ಐದು ವರ್ಷ ಕಲಿತದ್ದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿದ್ದ ಹರ್ಮನ್ ರೈನ್‌ಶಾಗೆನ್ ಅವರಿಂದ. ಇನ್ನೊಬ್ಬ ಜಾಸ್ ಬಾಸಿಗ ರಾನ್ ಕಾರ್ಟರ್ 1959ರಲ್ಲಿ ಈಸ್ಟ್‌ಮನ್ ಸಂಗೀತ ಶಾಲೆಯ ಪದವಿ ಪಡೆದವರು. ಅಲ್ಲದೆ ಬಾಸ್ ಗಿಟಾರಿನಿಂದ ಅಂಟಿಕೊಂಡ, ಎಡಗೈಯ ನಾಲ್ಕು ಬೆರಳಿಗೂ ಒಂದೊಂದು ಸ್ವರ ಹಂಚುವ ಚಾಳಿಯನ್ನು ಬಿಡಿಸುವವರೂ ಅವರೇ.

ತಂತಿಮೀಟು: ಮಿಂಗಸ್ ಕಥೆಯ ಅರ್ಧವನ್ನು ಜೇಬಿನಲ್ಲೇ ಇಟ್ಟುಕೊಂಡಿರಿ. ರೈನ್‌ಶಾಗೆನ್‌ಗಿಂತ ಮೊದಲು ಅವರಿಗೆ ಪಾಠ ಹೇಳಿದವರು ರೆಡ್ ಕ್ಯಾಲೆಂಡರ್, ಅಪ್ಪಟ ಜಾಸ್ ಬಾಸಿಗರು. ಆರು ತಿಂಗಳು ಕಮಾನು ಎಳೆದವನಿಗೆ ಡ್ರಮ್ಮಿನವನ ಜೊತೆ ನಾಲ್ಕು ಮಾತ್ರೆಗೂ ಒಂದೊಂದು ಸ್ವರ ಮೀಟುತ್ತ ಸಮನಾಗಿ ನಡೆಯಲು ಬರುವುದಿಲ್ಲ.

ನಾಲ್ಕುಬೆರಳು: "ಚಾಳಿ" ಎಂದಿರಲ್ಲ ಮಂದ್ರ ಅವರೇ, ಅದೇನು ಕಳ್ಳತನವೇ? ದೇವರು ಉಂಗುರ ಬೆರಳನ್ನು ಉಂಗುರಕ್ಕಷ್ಟೇ ಕೊಟ್ಟನೇ? ಸಿಮಾಂಡ್ಲ್ ತೀರಿಕೊಂಡದ್ದು 1912ರಲ್ಲಿ. ಜಾಸ್‌ನ ಮೊದಲ ಧ್ವನಿಮುದ್ರಿಕೆ ಬಂದದ್ದು 1917ರಲ್ಲಿ. ಆ ಮನುಷ್ಯನಿಗೆ ಜಾಸ್ ಬಗ್ಗೆ ಏನು ಗೊತ್ತಿತ್ತು?

ಮಂದ್ರ: 1912ರ ನಂತರ ತಂತಿಯ ಉದ್ದವೇನಾದರೂ ಕುಗ್ಗಿತೇ? ಬಾಸ್ ಗಿಟಾರಿನ ತಂತಿ ಸುಮಾರು 86 ಸೆಂ.ಮೀ., ಡಬಲ್ ಬಾಸಿನದು 105ರ ಆಸುಪಾಸು. ಕೆಳಗಿನ ಸ್ಥಾನದಲ್ಲಿ, ಅಂದರೆ ಬಿರಡೆಗಳ ಬಳಿ, ನಾಲ್ಕು ಬೆರಳಿಗೆ ನಾಲ್ಕು ಸ್ವರ ಹಂಚಿದರೆ ಕೈ ಸುಮಾರು 16 ಸೆಂ.ಮೀ. ಚಾಚಬೇಕು. ತೋರುಬೆರಳು, ನಡುಬೆರಳು, ಕಿರುಬೆರಳಿಗೆ ಮೂರು ಸ್ವರ ಕೊಟ್ಟರೆ 11 ಸಾಕು. ಉಂಗುರ ಬೆರಳು ಕಿರುಬೆರಳಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಅಳತೆಪಟ್ಟಿ ಸುಳ್ಳು ಹೇಳುವುದಿಲ್ಲ.

ನಾಲ್ಕುಬೆರಳು: "ಕೆಳಗಿನ ಸ್ಥಾನದಲ್ಲಿ" ಎಂದು ಮೆಲ್ಲಗೆ ಸೇರಿಸಿದ್ದೀರಿ! ತಂತಿಯ ನಡುಭಾಗಕ್ಕೆ ಬಂದರೆ ಆ 16, 8 ಆಗುತ್ತದೆ. ಅಲ್ಲಿ ನಿಮ್ಮ ಸಿಮಾಂಡ್ಲ್ ಕೂಡ ಉಂಗುರ ಬೆರಳನ್ನೇ ಕರೆಯುತ್ತಾರೆ. ಇನ್ನು ಡೆನ್ಮಾರ್ಕಿನ ಜಾಸ್ ಬಾಸಿಗ ನೀಲ್ಸ್-ಹೆನಿಂಗ್ ಓರ್ಸ್ಟೆಡ್ ಪೆಡರ್ಸನ್ ಅವರನ್ನು ಕೇಳಿದ್ದೀರಾ? ಉಂಗುರ ಬೆರಳನ್ನೂ ದುಡಿಸಿದ್ದರಿಂದಲೇ ಆ ವೇಗ.

ಮಂದ್ರ: ಅದು ಬಲಗೈ, ಮಹಾಶಯರೇ! ಅವರು ಮೂರು ಬೆರಳಿನಿಂದ *ಮೀಟುತ್ತಿದ್ದರು*. ನಾವು ಇಷ್ಟು ಹೊತ್ತು ಕಾದಾಡುತ್ತಿರುವುದು ಎಡಗೈಯ ಬಗ್ಗೆ.

ನಾಲ್ಕುಬೆರಳು: ಕೈ ಯಾವುದಾದರೇನು, ಬೆರಳು ಬೆರಳೇ.

ಮಂದ್ರ: ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡಿದ್ದೆ. ಬಲಗೈಯನ್ನು ತಂದು ಎಡಗೈ ಎನ್ನುವವರನ್ನು ಇದೇ ಮೊದಲು ಕಾಣುತ್ತಿದ್ದೇನೆ.

ನಾಲ್ಕುಬೆರಳು: ಬಾಸಿಗೆ ಮೂರೇ ಬೆರಳು ಎನ್ನುವವರು ಮೊಲದ ಮಾತು ಎತ್ತಬಾರದು.

ಗುಂಯ್‌ಗುಡುವವಳು: ಪ್ರಶ್ನೆ ಗುರುವಿನದಾಗಿತ್ತು. ಇಬ್ಬರ ಬಳಿಯೂ ಒಂದೊಂದು ಪಾಠಕ್ಕೆ ದುಡ್ಡು ಕೊಡಿ. ತಾಳ ಬಡಿಯುವ ಯಂತ್ರ ಮೆಟ್ರೊನೋಮ್ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಮಾತ್ರ ಬಡಿಯಲಿ. ಅದರ ಮೇಲೆ ಹನ್ನೆರಡು ಬಾರ್‌ಗಳ (ನಾಲ್ಕು ಮಾತ್ರೆಯ ಆವರ್ತಗಳ) ಬ್ಲೂಸ್ ನುಡಿಸಿ. ಗುರು ನಿಮ್ಮನ್ನು ಎಲ್ಲಿ ತಡೆಯುತ್ತಾರೆ ಎಂಬುದನ್ನು ಗಮನಿಸಿ. ಹೊಗಳಿ ಕಳುಹಿಸಿದರೆ ಅವರಿಗೆ ಕಿವಿಯಿಲ್ಲ. ಹೆಬ್ಬೆರಳ ಬುಡದಲ್ಲಿ ನೋವು ಬರುತ್ತಿದೆಯೇ ಎಂದು ವಿಚಾರಿಸಿದರೆ ಅಂಥವರನ್ನು ಬಿಡಬೇಡಿ. ನಾನು ಅದನ್ನು ವಿಚಾರಿಸದ ಗುರುವಿನ ಬಳಿ ಒಂದು ವರ್ಷ ಕಳೆದೆ. ಕೈ ಸರಿಯಾಗಲು ಇನ್ನೊಂದು ವರ್ಷ ಹಿಡಿಯಿತು.

ಮಂದ್ರ: "ನೋವು" ಎಂದಿರಿ, ಸರಿಯಾಗಿ ಹೇಳಿದಿರಿ. ನಾಲ್ಕು ಬೆರಳು ಚಾಚಿದ್ದರ ಫಲ.

ಗುಂಯ್‌ಗುಡುವವಳು: ನಾನು ಮೂರೇ ಬೆರಳು ಬಳಸುತ್ತಿದ್ದೆ. ಹೆಬ್ಬೆರಳಿನಿಂದ ಬಾಸಿನ ಕತ್ತನ್ನು ಹಿಚುಕುತ್ತಿದ್ದೆ, ಅಷ್ಟೇ.

ನಾಲ್ಕುಬೆರಳು: ಓದಿದಿರಾ? ಮೂರೇ ಬೆರಳಿಗೆ ನೋವು!

ತಂತಿಮೀಟು: ಇಬ್ಬರೂ ಕುಣಿಯಲಾರದೆ ನೆಲವನ್ನು ಡೊಂಕು ಎನ್ನುತ್ತಿದ್ದೀರಿ. ಬಾಸಿಗ ಜಿಮ್ಮಿ ಬ್ಲಾಂಟನ್ 1939ರಲ್ಲಿ ಡ್ಯೂಕ್ ಎಲಿಂಗ್ಟನ್ ಜಾಸ್ ತಂಡ ಸೇರಿದರು, 1942ರಲ್ಲಿ 23ನೆಯ ವಯಸ್ಸಿಗೇ ಹೋಗಿಬಿಟ್ಟರು. ಅಷ್ಟರೊಳಗೆ ಬಾಸಿನ ಚರಿತ್ರೆಯನ್ನೇ ತಿರುಗಿಸಿದರು. ಆರು ತಿಂಗಳು ಕಾಯಲು ಅವರಿಗೆ ಪುರುಸೊತ್ತಿತ್ತೇ?

ಮಂದ್ರ: ಬ್ಲಾಂಟನ್ ಕಮಾನು ಹಿಡಿದೂ ಸೋಲೊ ನುಡಿಸಿದ್ದಾರೆ. ಉದಾಹರಣೆ ಕೊಟ್ಟದ್ದಕ್ಕೆ ಧನ್ಯವಾದ.

ತಂತಿಮೀಟು: ನಾನು ಮಾತನಾಡಿದ್ದು ಪುರುಸೊತ್ತಿನ ಬಗ್ಗೆ.

ಹೊಸಬಾಸಿಗ: ಗುಂಯ್‌ಗುಡುವವಳು ಅವರು ಹೇಳಿದಂತೆ ಇಬ್ಬರಲ್ಲಿಗೂ ಹೋಗಿಬಂದೆ. ವಾದ್ಯವೃಂದದವರು ಒಂದು ಗಂಟೆ ತೆರೆದ ತಂತಿಯ ಮೇಲೆ ಕಮಾನು ಎಳೆಸಿದರು. ಎಡಗೈಯಿಂದ ತಂತಿ ಮುಟ್ಟಲೂ ಬಿಡಲಿಲ್ಲ. ಜಾಸ್‌ನವರು ನಾನು ಎರಡು ಬಾರ್ ನುಡಿಸುವಷ್ಟರಲ್ಲಿ ನಿಲ್ಲಿಸಿ, ಉಂಗುರ ಬೆರಳನ್ನು ಕಿರುಬೆರಳಿಗೆ ಅಂಟಿಸಿಕೊಳ್ಳಿ ಎಂದರು. ಆ ಪದ್ಧತಿಯ ಹೆಸರೇನು ಎಂದು ಕೇಳಿದೆ. ಹೆಸರೆಲ್ಲ ಗೊತ್ತಿಲ್ಲವಂತೆ. ಅವರ ಬಳಿಯೇ ಸೇರಿದ್ದೇನೆ.

ಮಂದ್ರ: ಅಂದರೆ ಸಿಮಾಂಡ್ಲ್. ನಾನು ಮೊದಲ ದಿನವೇ ಹೇಳಿದ್ದೆ.

ತಂತಿಮೀಟು: ಸೇರಿದ್ದು ಯಾರ ಬಳಿ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ.

ನಾಲ್ಕುಬೆರಳು: ಮೇಲಿನ ಸ್ಥಾನಗಳಲ್ಲೂ ಹಾಗೆಯೇ ಅಂಟಿಸಬೇಕಂತೆಯೇ? ಮುಂದಿನ ಪಾಠದಲ್ಲಿ ಕೇಳಿಕೊಂಡು ಬನ್ನಿ, ಕಾಯುತ್ತಿರುತ್ತೇನೆ.