28 ಅಡಿಯ ಸ್ಲಿಪ್‌ಗೆ ಯಾವ ಹಾಯಿದೋಣಿ ತಗೊಳ್ಳಲಿ?

ಫ್ರೀಮಾಂಟ್ ಪಯಣಿಗ:

ಎಲ್ಲರಿಗೂ ನಮಸ್ಕಾರ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಒಂದು ಮರೀನಾದಲ್ಲಿ ಹೆಸರು ಕೊಟ್ಟು ಬಹಳ ಕಾಲ ಕಾದಿದ್ದೆ. ಈಗ ಸ್ಲಿಪ್, ಅಂದರೆ ದೋಣಿ ಕಟ್ಟಿ ನಿಲ್ಲಿಸುವ ಜಾಗ, ಸಿಕ್ಕಿದೆ. ಉದ್ದ 28 ಅಡಿ. ದೋಣಿ ಸ್ವಲ್ಪ ಹೊರಗೆ ಚಾಚಿದರೆ ಪರವಾಗಿಲ್ಲ, ಆದರೆ ತುದಿಯಿಂದ ತುದಿಗೆ 30 ಅಡಿ ದಾಟಬಾರದು ಎಂದು ಕರಾರಿನಲ್ಲಿ ಬರೆದಿದ್ದಾರೆ. ಇನ್ನೂ ದೊಡ್ಡದು ಬೇಕೆಂದರೆ ಮತ್ತೆ ಕಾಯುವವರ ಪಟ್ಟಿಯ ಕೊನೆಗೆ ಹೋಗಬೇಕು. ಅದಕ್ಕೆ ನಾನು ತಯಾರಿಲ್ಲ.

ಮನೆಯಲ್ಲಿ ನಾವು ಮೂವರು. ಮಗಳಿಗೆ 10 ವರ್ಷ. ನಾನೂ ಹೆಂಡತಿಯೂ ಇಲ್ಲೇ ತರಬೇತಿ ಮುಗಿಸಿ, ಬಾಡಿಗೆ ದೋಣಿಗಳಲ್ಲಿ ಕೊಲ್ಲಿಯೊಳಗೆ ಓಡಾಡಿದ್ದೇವೆ. ವಾರಾಂತ್ಯಕ್ಕೆ ಏಂಜಲ್ ಐಲ್ಯಾಂಡ್, ಕ್ಲಿಪ್ಪರ್ ಕೋವ್ ಸಾಕು. ಬೇಸಿಗೆ ರಜೆಯಲ್ಲಿ ಸ್ಯಾಕ್ರಮೆಂಟೊ ಡೆಲ್ಟಾಕ್ಕೆ ಹೋಗಿ ಒಂದೆರಡು ವಾರ ದೋಣಿಯಲ್ಲೇ ಮಲಗಿ, ಅಡುಗೆ ಮಾಡಿಕೊಂಡು ಇರಬೇಕೆಂಬ ಆಸೆ ಇದೆ. ಮುಂದೆ ಗೋಲ್ಡನ್ ಗೇಟ್ ದಾಟಿ ಹಾಫ್ ಮೂನ್ ಬೇ, ಮಾಂಟೆರೇ ಕಡೆಗೂ ಹೋಗಬೇಕು. ಕೈಯಲ್ಲಿರುವುದು 25,000 ಡಾಲರ್, ತಪಾಸಣೆ, ರಿಪೇರಿ ಎಲ್ಲಾ ಸೇರಿ.

ಮನಸ್ಸು ಕ್ಯಾಟಲಿನಾ 30 ಎಂಬ ಹಾಯಿದೋಣಿಯ ಮೇಲೆ ಕೂತಿದೆ. ಉದ್ದ 29 ಅಡಿ 11 ಇಂಚು. 30ರೊಳಗೆ ಬಂತಲ್ವಾ? ಒಳಗೆ ವಿಶಾಲವಾಗಿದೆ, ಅಡುಗೆಗೆ ಜಾಗ ಇದೆ, ಮಗಳಿಗೆ ಬೇರೆ ಮಲಗುವ ಜಾಗ ಸಿಗುತ್ತದೆ. ಹತ್ತಿರದಲ್ಲೇ ಫಿನ್ ಕೀಲ್ (ತಳದಿಂದ ನೀರಿಗೆ ಇಳಿಯುವ ಭಾರದ ರೆಕ್ಕೆ) ಇರುವುದೊಂದು ಮಾರಾಟಕ್ಕಿದೆ. ಕೊಳ್ಳುವ ಮೊದಲು ಏನು ನೋಡಬೇಕು, ದಯವಿಟ್ಟು ಹೇಳಿ.

ಸೌತಾಂಪ್ಟನ್ ಕನ್ನಡತಿ:

ನಾನಿರುವುದು ಇಂಗ್ಲೆಂಡಿನ ಸೊಲೆಂಟ್ ದಂಡೆಯಲ್ಲಿ. ಇಲ್ಲಿ ಬಾಡಿಗೆಯನ್ನು ಮೀಟರ್ ಲೆಕ್ಕದಲ್ಲಿ ಹಾಕುತ್ತಾರೆ. ಮೂತಿಯಲ್ಲಿ ನೇತಾಡುವ ಲಂಗರಿನಿಂದ ಹಿಂದಿನ ಏಣಿಯವರೆಗೂ ಟೇಪು ಹಿಡಿಯುತ್ತಾರೆ. ಜಾಹೀರಾತಿನಲ್ಲಿ ಬರೆದ ಉದ್ದ ಸಾಮಾನ್ಯವಾಗಿ ಬರೀ ಒಡಲಿನದು. ನಿಮ್ಮ ಒಂದು ಇಂಚಿನ ಉಳಿತಾಯವನ್ನು ಲಂಗರೊಂದೇ ತಿಂದುಹಾಕುತ್ತದೆ.

ಇನ್ನೊಂದು ಮಾತು. ಆಳ ಕಡಿಮೆ ಇರುವ ಕಡೆ ಇಲ್ಲಿನ ಜನ ಎರಡು ಕೀಲ್ ಇರುವ ದೋಣಿ ಇಟ್ಟುಕೊಳ್ಳುತ್ತಾರೆ. ವೆಸ್ಟರ್ಲಿ ಸೆಂಟಾರ್ ಅಂತ ಒಂದು ಹಳೆಯ ದೋಣಿ ಇದೆ. ಉದ್ದ 26 ಅಡಿ, ಮುಳುಗುವ ಆಳ 3 ಅಡಿ ಮಾತ್ರ. ನೀರು ಇಳಿದಾಗ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ. ನಿಮ್ಮ ಕಡೆ ಅಪರೂಪ ಇರಬಹುದು, ಕಂಡರೆ ಬಿಡಬೇಡಿ.

ಶರಾವತಿ ದಂಡೆ:

ಪಯಣಿಗರೇ, ಸ್ಲಿಪ್ ಸಿಕ್ಕಿದ್ದಕ್ಕೆ ಅಭಿನಂದನೆ. ನಾನು ಅಲಮೇಡಾದಲ್ಲಿ ಹಲವು ವರ್ಷಗಳಿಂದ ಕ್ಯಾಟಲಿನಾ 27 ಇಟ್ಟುಕೊಂಡಿದ್ದೇನೆ. ಹುಟ್ಟಿದೂರು ಹೊನ್ನಾವರ. ಅಳಿವೆಯ ಬಾಯಲ್ಲಿ ಮರಳು ಕೂತಾಗ ಮೀನಿನ ದೋಣಿಗಳು ಉಬ್ಬರಕ್ಕೆ ಕಾಯುವುದನ್ನು ನೋಡಿ ಬೆಳೆದವನು. ಹಾಗಾಗಿ ದೋಣಿ ಎಂದ ಕೂಡಲೇ ನಾನು ಮೊದಲು ಕೇಳುವುದು ನೀರು ಎಷ್ಟಿದೆ ಎಂದು.

ನೀವು ಉದ್ದ ಮಾತ್ರ ಬರೆದಿದ್ದೀರಿ. ಅಗಲ ಎಲ್ಲಿ? ಆಳ ಎಲ್ಲಿ? ಸ್ಲಿಪ್ ಬಗ್ಗೆ ಇವೆರಡು ಗೊತ್ತಾಗದೆ ಯಾವ ದೋಣಿಗೂ ಮುಂಗಡ ಕೊಡಬೇಡಿ.

ಮೊದಲು ಅಗಲ. ನಿಮ್ಮದು ಒಂಟಿ ಸ್ಲಿಪ್ಪೋ, ಜೋಡಿ ಸ್ಲಿಪ್ಪೋ? ಇಲ್ಲಿನ ಹಳೆಯ ಮರೀನಾಗಳಲ್ಲಿ ಜೋಡಿಯೇ ಜಾಸ್ತಿ. ಎರಡು ಫಿಂಗರ್‌ಗಳ (ನೀರಿಗೆ ಚಾಚಿದ ಕಿರು ಕಟ್ಟೆಗಳ) ನಡುವೆ ಎರಡು ದೋಣಿ, ನಡುವೆ ಕಂಬವೂ ಇಲ್ಲ, ಕಟ್ಟೆಯೂ ಇಲ್ಲ. ನಿಮಗೆ ಒಂದು ಬದಿ ಫಿಂಗರ್, ಇನ್ನೊಂದು ಬದಿ ಪಕ್ಕದವರ ದೋಣಿ. ಅಂದರೆ ನಿಮಗೆ ಉಳಿಯುವ ಜಾಗವನ್ನು ಪಕ್ಕದವರ ಅಗಲ ತೀರ್ಮಾನಿಸುತ್ತದೆ. ಕ್ಯಾಟಲಿನಾ 30 ಅಗಲವಾದ ದೋಣಿ, 10 ಅಡಿ 10 ಇಂಚು. ಒಳಗಿನ ಆ ವಿಶಾಲ ಬಂದಿರುವುದೇ ಅಲ್ಲಿಂದ. ಕ್ಯಾಟಲಿನಾ 27ರ ಅಗಲ 8 ಅಡಿ 10 ಇಂಚು. ಈ ಎರಡು ಅಡಿಯ ವ್ಯತ್ಯಾಸ ಉದ್ದದ ಮೂರು ಅಡಿಗಿಂತ ದೊಡ್ಡದು.

ಆಮೇಲೆ ಆಳ. ಕಡಲ ನಕ್ಷೆಯಲ್ಲಿ ಆಳ ಅಳೆಯುವ ಸೊನ್ನೆ ಮಟ್ಟ ಅಂದರೆ ಅತಿ ಕಡಿಮೆ ನೀರು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದು ದಿನದ ಎರಡು ಇಳಿತಗಳಲ್ಲಿ ತಗ್ಗಿನದರ ಸರಾಸರಿ. ವರ್ಷದಲ್ಲಿ ಹಲವು ದಿನ ನೀರು ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ನಮ್ಮ ಕೊಲ್ಲಿಯಲ್ಲಿ ಒಂದೂವರೆ ಅಡಿಯಷ್ಟು ಕೆಳಗೆ ಇಳಿಯುವುದುಂಟು. ಬೇಸಿಗೆಯಲ್ಲಿ ಮುಂಜಾನೆ, ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ. ಪೂರ್ವ ದಂಡೆಯ ಮರೀನಾಗಳಿಗೆ ಹೂಳು ಬರುತ್ತಲೇ ಇರುತ್ತದೆ, ತೆಗೆಸುವುದು ಯಾವಾಗಲೋ. ಫಿನ್ ಕೀಲ್ ಇರುವ 30ಕ್ಕೆ 5 ಅಡಿ 3 ಇಂಚು ನೀರು ಬೇಕು. ಕೆಸರು ಮೆತ್ತಗಿರುವುದರಿಂದ ಕೀಲ್ ಕೂತರೂ ದೋಣಿ ಮುರಿಯುವುದಿಲ್ಲ. ಆದರೆ ಎಂಜಿನ್ ತಂಪಾಗಿಸಲು ಎಳೆದುಕೊಳ್ಳುವ ನೀರಿನ ಜೊತೆ ಕೆಸರೂ ಒಳಗೆ ಹೋಗುತ್ತದೆ. ಮುಂಜಾನೆ ಹೊರಡಬೇಕೆಂದು ಮಗಳನ್ನು ಎಬ್ಬಿಸಿ ಕರೆತಂದ ದಿನವೇ ದೋಣಿ ಅಲ್ಲಾಡುವುದಿಲ್ಲ.

ಮೂರನೆಯದನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ. ನಿಮ್ಮ ಸ್ಲಿಪ್‌ಗೆ ಗಾಳಿ ಯಾವ ಕಡೆಯಿಂದ ಬರುತ್ತದೆ? ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟಿನಿಂದ ಬರ್ಕ್ಲಿ ಕಡೆಗೆ 20ರಿಂದ 25 ನಾಟ್ ಗಾಳಿ ಬೀಸುವುದು ನಿಮಗೂ ಗೊತ್ತು. ನೀವು ದಣಿದು ವಾಪಸ್ ಬರುವುದೂ ಅದೇ ಹೊತ್ತಿಗೆ. ಆ ಗಾಳಿ ಪಕ್ಕೆಗೆ ಹೊಡೆಯುವಾಗ 10,200 ಪೌಂಡಿನ ದೋಣಿಯನ್ನು ಒಬ್ಬರೇ ನಿಲ್ಲಿಸಲು ಆಗುತ್ತದೆಯೇ? 27ರ ತೂಕ 6,850 ಪೌಂಡ್. ಕೈಯಲ್ಲಿ ಹಗ್ಗ ಹಿಡಿದಾಗ ಆ ವ್ಯತ್ಯಾಸ ತಿಳಿಯುತ್ತದೆ.

ಇದನ್ನೆಲ್ಲಾ ಅಳೆದು ಬರೆಯಿರಿ, ಮುಂದೆ ಮಾತಾಡೋಣ.

ಫ್ರೀಮಾಂಟ್ ಪಯಣಿಗ:

ತುಂಬಾ ಥ್ಯಾಂಕ್ಸ್. ನಿನ್ನೆ ಹೋಗಿ ಟೇಪು ಹಿಡಿದು ಬಂದೆ. ಜೋಡಿ ಸ್ಲಿಪ್ಪೇ. ಎರಡು ಫಿಂಗರ್‌ಗಳ ನಡುವೆ 22 ಅಡಿ. ಪಕ್ಕದಲ್ಲಿ ಒಂದು ಮೋಟರ್ ದೋಣಿ ಇದೆ, ಅಗಲ 10 ಅಡಿ. ಆಳ ನಕ್ಷೆಯ ಸೊನ್ನೆಗೆ 6 ಅಡಿ ಎಂದು ಕಚೇರಿಯ ಕಾಗದದಲ್ಲಿದೆ. ಒಳಗೆ ಹೋಗುವಾಗ ದೋಣಿಯ ಮೂತಿ ಉತ್ತರಕ್ಕೆ ಇರುತ್ತದೆ. ಒಳಗೆ ಹೋಗುವಾಗ ನಮ್ಮ ಫಿಂಗರ್ ಎಡಕ್ಕೆ, ಮೋಟರ್ ದೋಣಿ ಬಲಕ್ಕೆ. ಗಾಳಿ ಪಶ್ಚಿಮದಿಂದ.

ವಿಂಗ್ ಕೀಲ್ (ಕೆಳತುದಿಯಲ್ಲಿ ಎರಡು ಬದಿಗೆ ರೆಕ್ಕೆ ಚಾಚಿದ ಗಿಡ್ಡ ಕೀಲ್) ಇರುವ ಕ್ಯಾಟಲಿನಾ 30 ಸಿಕ್ಕರೆ ಹೇಗೆ? ಅದಕ್ಕೆ 3 ಅಡಿ 10 ಇಂಚು ಸಾಕಂತೆ.

ಶರಾವತಿ ದಂಡೆ:

ಈಗ ಚಿತ್ರ ಸಿಕ್ಕಿತು. ಲೆಕ್ಕ ನೋಡಿ. 10 ಅಡಿಗೆ 10 ಅಡಿ 10 ಇಂಚು ಕೂಡಿಸಿದರೆ 20 ಅಡಿ 10 ಇಂಚು. ಉಳಿದದ್ದು 14 ಇಂಚು. ಅದನ್ನು ಮೂರು ಕಡೆ ಹಂಚಬೇಕು: ನಿಮ್ಮ ಫಿಂಗರ್ ಕಡೆ, ಎರಡು ದೋಣಿಗಳ ನಡುವೆ, ಅವರ ಫಿಂಗರ್ ಕಡೆ. ಒಂದೊಂದಕ್ಕೆ 5 ಇಂಚೂ ಇಲ್ಲ. ಆ ಅಳತೆಯ ದೋಣಿಗೆ ಉಜ್ಜದಂತೆ ಪಕ್ಕೆಗೆ ತೂಗುಹಾಕುವ ಫೆಂಡರ್ ಒಂದರ ದಪ್ಪವೇ ಸುಮಾರು 8 ಇಂಚು. ಎರಡು ಕಡೆ ಫೆಂಡರ್ ಒತ್ತಿಕೊಂಡು ದೋಣಿ ಸಿಕ್ಕಿಬೀಳುತ್ತದೆ. 27 ಆದರೆ 3 ಅಡಿ 2 ಇಂಚು ಉಳಿಯುತ್ತದೆ, ಒಂದೊಂದು ಕಡೆಗೆ ಒಂದು ಅಡಿಯ ಮೇಲೆ.

ಆಳಕ್ಕೆ ಬನ್ನಿ. 6 ಅಡಿಯಲ್ಲಿ ಒಂದೂವರೆ ಕಳೆದರೆ ನಾಲ್ಕೂವರೆ. ಫಿನ್ ಕೀಲ್‌ನ 30 ಒಂಬತ್ತು ಇಂಚು ಕೆಸರಿನಲ್ಲಿ. ವಿಂಗ್ ಕೀಲ್ ಆದರೆ ಎಂಟು ಇಂಚು ಮಿಗುತ್ತದೆ ನಿಜ, ಆದರೆ ಹೂಳು ಏರಿದರೆ ಆ ರೆಕ್ಕೆಗಳು ಕೆಸರನ್ನು ಕಚ್ಚಿ ಹಿಡಿಯುತ್ತವೆ. ಫಿನ್ ಕೀಲ್ ತಾಗಿದರೆ ದೋಣಿಯನ್ನು ಒಂದು ಕಡೆ ವಾಲಿಸಿ ಬಿಡಿಸಿಕೊಳ್ಳಬಹುದು, ವಿಂಗ್ ಕೀಲ್ ವಾಲಿಸಿದರೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಕ್ಯಾಟಲಿನಾ 27ರ ಫಿನ್ ಕೀಲ್ 4 ಅಡಿ. ಆರು ಇಂಚು ಮಿಗುತ್ತದೆ. ಜಾಸ್ತಿ ಏನಲ್ಲ, ಆದರೆ ತೇಲುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ: ಡೀಸೆಲ್ ಇನ್‌ಬೋರ್ಡ್ ಎಂಜಿನ್ (ದೋಣಿಯೊಳಗೇ ಕೂರಿಸಿದ್ದು) ಇರುವ ಕ್ಯಾಟಲಿನಾ 27 ಹುಡುಕಿ, 1980ರ ದಶಕದ್ದು. ಒಡಲಿನ ಉದ್ದ 26 ಅಡಿ 10 ಇಂಚು. ಲಂಗರು, ಏಣಿ ಸೇರಿದರೂ 30ರೊಳಗೆ ಆರಾಮಾಗಿ ಬರುತ್ತದೆ. 6,000ಕ್ಕೂ ಜಾಸ್ತಿ ಕಟ್ಟಿದ್ದಾರೆ, ಅದೂ ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ. ಬಿಡಿಭಾಗ, ಹಳೆಯ ಹಾಯಿ, ಅನುಭವಸ್ಥರು ಎಲ್ಲಾ ಸುಲಭವಾಗಿ ಸಿಗುತ್ತಾರೆ. ಹಿಂದೆ ಔಟ್‌ಬೋರ್ಡ್ ತೂಗುಹಾಕಿದ 27ಗಳು ಅಗ್ಗ, ಆದರೆ ಬೇಡ. ನಮ್ಮ ಕೊಲ್ಲಿಯ ಗಿಡ್ಡ ಅಲೆಗೆ ಹಿಂಭಾಗ ಎದ್ದಾಗ ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗುತ್ತದೆ. ರಕೂನ್ ಜಲಸಂಧಿಯ ಸೆಳೆತದಲ್ಲಿ ಹಾಗಾಗುವುದು ಒಳ್ಳೆಯದಲ್ಲ.

ಕೈಯಲ್ಲಿ ಹಣ ಜಾಸ್ತಿ ಇದ್ದಿದ್ದರೆ ಪೆಸಿಫಿಕ್ ಸೀಕ್ರಾಫ್ಟ್ ಕಂಪನಿಯ ಡೇನಾ 24 ನೋಡಿ ಅನ್ನುತ್ತಿದ್ದೆ. ಮೂತಿಯಿಂದ ಮುಂದಕ್ಕೆ ಚಾಚಿದ ಕಂಬವೂ ಸೇರಿ 27 ಅಡಿ 3 ಇಂಚು, ಅಗಲ 8 ಅಡಿ 7 ಇಂಚು, ತೂಕ 8,000 ಪೌಂಡ್. ಗಟ್ಟಿ ದೋಣಿ, ಮಹಾಸಾಗರ ದಾಟಿದ ಹೆಸರಿದೆ. ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ಮೂವರು ಎರಡು ವಾರ ಇರಲು ಇಕ್ಕಟ್ಟೂ ಹೌದು.

ಗಾಳಿಯ ವಿಷಯ. ಪಶ್ಚಿಮದ ಗಾಳಿ ನಿಮ್ಮನ್ನು ಫಿಂಗರ್‌ನಿಂದ ದೂರ, ಮೋಟರ್ ದೋಣಿಯ ಮೇಲೆ ತಳ್ಳುತ್ತದೆ. ಆದರೆ ಒಂದು ಅನುಕೂಲ ಇದೆ. ಬಲಕ್ಕೆ ತಿರುಗುವ ಪ್ರೊಪೆಲ್ಲರ್ ರಿವರ್ಸ್‌ನಲ್ಲಿ ಹಿಂಭಾಗವನ್ನು ಎಡಕ್ಕೆ ಎಳೆಯುತ್ತದೆ, ಅಂದರೆ ನಿಮ್ಮ ಫಿಂಗರ್ ಕಡೆಗೆ. ದೋಣಿಯ ನಡುವಿನ ಕ್ಲೀಟ್‌ಗೆ (ಹಗ್ಗ ಸುತ್ತುವ ಗೂಟಕ್ಕೆ) ಒಂದು ಹಗ್ಗ ಸಿದ್ಧವಾಗಿಟ್ಟುಕೊಳ್ಳಿ. ಒಳಗೆ ಬಂದ ಕೂಡಲೇ ಅದನ್ನು ಫಿಂಗರ್‌ನ ಹೊರತುದಿಯ ಕ್ಲೀಟ್‌ಗೆ ಸುತ್ತಿ, ಚುಕ್ಕಾಣಿ ಬಲಕ್ಕೆ ತಿರುಗಿಸಿ, ಎಂಜಿನ್ ನಿಧಾನವಾಗಿ ಮುಂದಕ್ಕೆ ಬಿಡಿ. ದೋಣಿ ಫಿಂಗರ್‌ಗೆ ಅಂಟಿ ನಿಲ್ಲುತ್ತದೆ. ಉಳಿದ ಹಗ್ಗಗಳನ್ನು ಆಮೇಲೆ ನಿಧಾನವಾಗಿ ಕಟ್ಟಬಹುದು. ಇದನ್ನು ಹೆಂಡತಿಯೂ ಕಲಿಯಲಿ, ನೀವೂ ಕಲಿಯಿರಿ, ಜಾಗ ಬದಲಿಸಿಕೊಂಡು.

ಡೆಲ್ಟಾ ಬೇಸಿಗೆ:

ಡೆಲ್ಟಾ ಬಗ್ಗೆ ನನ್ನದೂ ಎರಡು ಮಾತು. ನಾವು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಪ್ರತಿ ಬೇಸಿಗೆ ಹೋಗುತ್ತೇವೆ. ಅಲ್ಲಿ ಮುಳುಗುವ ಆಳ ಕಡಿಮೆ ಇದ್ದಷ್ಟೂ ಸಂತೋಷ. ಸ್ಯಾನ್ ಪ್ಯಾಬ್ಲೊ ಬೇಯಲ್ಲೇ ಹಡಗಿನ ದಾರಿ ಬಿಟ್ಟು ಸ್ವಲ್ಪ ಪಕ್ಕಕ್ಕೆ ಸರಿದರೆ ನೀರು ತೆಳುವಾಗುತ್ತದೆ. ಒಳಗಿನ ಕಾಲುವೆಗಳಲ್ಲಿ ಇನ್ನೂ ಜಾಸ್ತಿ. ಹೋಗುವಾಗ ಗಾಳಿ ಬೆನ್ನಿಗೆ ಇರುತ್ತದೆ. ಬರುವಾಗ ಕಾರ್ಕಿನೆಜ್ ಜಲಸಂಧಿಯಲ್ಲಿ ಎದುರುಗಾಳಿ, ಆಗ ಒಳ್ಳೆಯ ಡೀಸೆಲ್ ಎಂಜಿನ್ ಬೇಕೇ ಬೇಕು.

ಒಳಗಿನ ಜಾಗದ ಚಿಂತೆ ಮಾಡಬೇಡಿ. ಡೆಲ್ಟಾ ಸೆಕೆಯಲ್ಲಿ ಎಲ್ಲರೂ ಹೊರಗೇ ಇರುತ್ತಾರೆ. ಕಾಕ್‌ಪಿಟ್ ಮೇಲೆ ನೆರಳಿನ ಬಟ್ಟೆ, ಕಿಂಡಿಗಳಿಗೆ ಸೊಳ್ಳೆ ಪರದೆ, ಇವೆರಡಕ್ಕೆ ಹಣ ಇಡಿ. ಮಗಳಿಗೆ ಮೂತಿಯ ಕಡೆಯ ಹಾಸಿಗೆ ಕೊಡಿ. 27ರಲ್ಲಿ ಅದಕ್ಕೂ ನಡುವಿನ ಕೋಣೆಗೂ ಮಧ್ಯೆ ಶೌಚಾಲಯ ಬರುತ್ತದೆ, ಹಾಗಾಗಿ ಅವಳಿಗೂ ಸ್ವಲ್ಪ ಮರೆ ಸಿಗುತ್ತದೆ.

ಮತ್ತೆ, ಕ್ಯಾಲಿಫೋರ್ನಿಯಾದಲ್ಲಿ ದೋಣಿಗೂ ಆಸ್ತಿ ತೆರಿಗೆ ಇದೆ, ಹೆಚ್ಚುಕಡಿಮೆ ಬೆಲೆಯ ಶೇ. 1ರಷ್ಟು. ಜನವರಿ 1ರಂದು ಯಾರ ಹೆಸರಿನಲ್ಲಿದೆಯೋ ಅವರಿಗೆ ಬಿಲ್ ಬರುತ್ತದೆ. ವರ್ಷದ ಕೊನೆಯಲ್ಲಿ ಕೊಳ್ಳುವುದಾದರೆ ಇದನ್ನು ನೆನಪಿಡಿ.

ಫ್ರೀಮಾಂಟ್ ಪಯಣಿಗ:

14 ಇಂಚಿನ ಲೆಕ್ಕ ಹೆಂಡತಿಗೆ ತೋರಿಸಿದೆ. 30 ಬೇಡ ಎಂದು ಅಲ್ಲೇ ತೀರ್ಮಾನ ಆಯಿತು. ಇನ್‌ಬೋರ್ಡ್ ಡೀಸೆಲ್ ಇರುವ ಎರಡು 27 ಕಣ್ಣಿಗೆ ಬಿದ್ದಿವೆ. ಒಂದರಲ್ಲಿ ಮುಂದಿನ ಹಾಯಿ 150 ಶೇಕಡಾದ್ದು, ಅಂದರೆ ದೊಡ್ಡದು; ಇನ್ನೊಂದರಲ್ಲಿ 110, ಚಿಕ್ಕದು. ನೋಡಲು ಹೋದಾಗ ಏನು ಗಮನಿಸಲಿ?

ಶರಾವತಿ ದಂಡೆ:

ಹಾಯಿ 110 ಇರುವುದೇ ನಮ್ಮ ಬೇಸಿಗೆಗೆ ಸರಿ. 150 ಇದ್ದರೆ ಮಧ್ಯಾಹ್ನ ಪೂರ್ತಿ ಬಿಚ್ಚಲು ಆಗುವುದೇ ಇಲ್ಲ. ಹೊಸ ಚಿಕ್ಕ ಹಾಯಿಯ ಖರ್ಚನ್ನು ಚೌಕಾಸಿಯಲ್ಲಿ ಸೇರಿಸಿ.

ಒಳಗೆ ನೆಲದ ಹಲಗೆ ಎತ್ತಿ ಕೀಲ್ ಬೋಲ್ಟ್‌ಗಳನ್ನು ನೋಡಿ. ಹಳೆಯ 27ಗಳಲ್ಲಿ ಇವು ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೆಳಗೆ ಕೀಲ್ ಒಡಲಿಗೆ ಸೇರುವ ಜಾಗದ ಮುಂಭಾಗದಲ್ಲಿ ಒಂದು ಬಿರುಕು ಬರುತ್ತದೆ, ಅದಕ್ಕೆ ಕ್ಯಾಟಲಿನಾ ಸ್ಮೈಲ್ ಎಂದೇ ಹೆಸರು. ಸಣ್ಣದಾದರೆ ಬೋಲ್ಟ್ ಬಿಗಿ ಮಾಡಿ ಮುಚ್ಚಬಹುದು. ನೀರು ಜಿನುಗುತ್ತಿದ್ದರೆ ಬೇರೆ ದೋಣಿ ನೋಡಿ. ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿಸಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ.

ನಿಮ್ಮ ಸ್ಲಿಪ್‌ನ ಆಳವನ್ನು ನೀವೇ ಒಮ್ಮೆ ಅಳೆಯಿರಿ, ಕಚೇರಿಯ ಕಾಗದ ಎಷ್ಟು ಹಳೆಯದೋ. ಹಗ್ಗಕ್ಕೆ ಭಾರ ಕಟ್ಟಿ ಮೂತಿ, ನಡು, ಚುಕ್ಕಾಣಿ ಬರುವ ಜಾಗ ಮೂರರಲ್ಲೂ ಬಿಡಿ. ಆ ಗಳಿಗೆಯ ಉಬ್ಬರದ ಮಟ್ಟವನ್ನು ಪಟ್ಟಿಯಿಂದ ನೋಡಿ ಕಳೆಯಿರಿ. ತಪಾಸಣೆ ಮಾಡುವವರನ್ನು ನೀವೇ ಹುಡುಕಿಕೊಳ್ಳಿ, ಮಾರುವವರು ತೋರಿಸಿದವರು ಬೇಡ. ದೋಣಿಯನ್ನು ನೀರಿನಿಂದ ಮೇಲೆತ್ತಿಸುವ ಖರ್ಚು ಸಾಮಾನ್ಯವಾಗಿ ಕೊಳ್ಳುವವರದೇ, ಅದನ್ನು ಉಳಿಸಲು ಹೋಗಬೇಡಿ. ಅಲಮೇಡಾ ಕಡೆ ನೋಡಲು ಬಂದರೆ ತಿಳಿಸಿ, ನಾನೂ ಬರುತ್ತೇನೆ.