ಪದಚರ್ಚೆ: ಮಿನಿಮಲ್ ಡೆಸ್ಕ್‌ಟಾಪ್‌ಗೆ 'ಕನಿಷ್ಠ' ಸರಿಯೇ, 'ಮಿತ' ಸರಿಯೇ?

ಎಲ್ಲರಿಗೂ ನಮಸ್ಕಾರ.

ಚಿಂತಾಮಣಿ ಹತ್ತಿರದ ನಮ್ಮೂರಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂಜೆ ಹೊತ್ತು ಕಂಪ್ಯೂಟರ್ ಹೇಳಿಕೊಡುತ್ತೇನೆ. ಇರುವ ನಾಲ್ಕೂ ಹಳೇ ಮಷೀನು, 2 ಜಿಬಿ ರ‍್ಯಾಮ್. ಅದಕ್ಕೇ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿ, ಗ್ನೋಮ್ ಅನ್ನುವ ಭಾರದ ಡೆಸ್ಕ್‌ಟಾಪ್ ಕೈಬಿಟ್ಟು, ಬರೀ ವಿಂಡೋ ನೋಡಿಕೊಳ್ಳಲು ಓಪನ್‌ಬಾಕ್ಸ್, ಟಿಂಟ್2 ಪ್ಯಾನೆಲ್, ಫೈಲ್ ತೆರೆದು ನೋಡಲು ಪಿಸಿಮ್ಯಾನ್‌ಎಫ್‌ಎಂ ಇಟ್ಟಿದ್ದೇನೆ. ಆನ್ ಮಾಡಿದರೆ ಖಾಲಿ ಪರದೆ, ಕೆಳಗೊಂದು ಪಟ್ಟಿ. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಮೆನು ಬರುತ್ತದೆ.

ಮಕ್ಕಳೇ ಇದನ್ನು ಹಾಕಿಕೊಳ್ಳಲೆಂದು ಕನ್ನಡದಲ್ಲಿ ಎರಡು ಪುಟ ಬರೆದೆ. 'ಮಿನಿಮಲ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್' ಅನ್ನುವುದಕ್ಕೆ ಕೊಟ್ಟ ತಲೆಬರಹ 'ಕನಿಷ್ಠ ಗಣಕತೆರೆ ಪರಿಸರ'. ಒಂಬತ್ತನೇ ಕ್ಲಾಸಿನ ಹುಡುಗಿ ಓದಿ, "ಸಾರ್, ನಮ್ಗೆ ಕೊಟ್ಟಿರೋದು ಎಲ್ಲಕ್ಕಿಂತ ಕಮ್ಮೀದಾ?" ಅಂದಳು. ಮನಸ್ಸಿಗೆ ನಾಟಿತು. ಕನಿಷ್ಠ ಕೂಲಿ, ಕನಿಷ್ಠ ಅಂಕ ಕೇಳಿದ ಕಿವಿಗೆ ಬೇರೆ ಹೇಗೆ ಕೇಳಿಸೀತು? ಆ ಪದದಲ್ಲಿ 'ಇದಕ್ಕಿಂತ ಕೆಳಗಿಲ್ಲ' ಅನ್ನುವ ದನಿಯಿದೆ. ಮಿನಿಮಲ್ ಅಂದರೆ ಅದಲ್ಲ, ಬೇಕಾದ್ದನ್ನು ಆರಿಸಿ ಇಟ್ಟುಕೊಂಡು ಬೇಡದ್ದನ್ನು ನಾವಾಗಿ ಬಿಟ್ಟದ್ದು. ಅದಕ್ಕೆ ನಮ್ಮಲ್ಲಿ 'ಮಿತ' ಇದೆಯಲ್ಲ! ಮಿತಭಾಷಿ ಮೂಗನಲ್ಲ, ಮಿತಾಹಾರ ಉಪವಾಸವಲ್ಲ.

ಲೈಟ್‌ವೇಟ್‌ಗೆ 'ಹಗುರ' ಸಾಕು ಅನ್ನಿಸುತ್ತದೆ. 2006ರಲ್ಲಿ ಶುರುವಾದ ಹಗುರ ಡೆಸ್ಕ್‌ಟಾಪ್ ಎಲ್‌ಎಕ್ಸ್‌ಡಿಇ ಹೆಸರಿನ ಮೊದಲ ಅಕ್ಷರ ಈ ಲೈಟ್‌ವೇಟ್‌ನದೇ. 'ಲಘು' ಅಂದರೆ ಛಂದಸ್ಸು, ಉಪಾಹಾರ ನೆನಪಾಗುತ್ತವೆ. 'ಹಗುರವಾಗಿ ಮಾತಾಡಬೇಡ' ಅನ್ನುವಲ್ಲಿ ತಾತ್ಸಾರ ಉಂಟು, ಆದರೆ 'ಹಗುರ ಚೀಲ' ಅಂದಾಗ ಅದು ಇಣುಕುವುದಿಲ್ಲ. ನಮ್ಮ ಕಡೆ ಮನೆಯಲ್ಲಿ ತೆಲುಗಾಡುವ ಮಕ್ಕಳು 'ತೇಲಿಕ' ಅನ್ನುತ್ತಾರೆ. ತೂಕ ಕಮ್ಮಿ, ಸುಲಭ, ಎರಡೂ ಅದರಲ್ಲೇ ಬಂತು. ಅಂಥದೊಂದು ಕನ್ನಡದಲ್ಲಿ ಸಿಕ್ಕರೆ ಎಷ್ಟು ಚೆಂದ.

ನನಗೆ ತೊಡಕಾಗಿರುವುದು 'ಪರಿಸರ'. ಗಿಡಮರ ಕಣ್ಣಿಗೆ ಬರುತ್ತದೆ ಅನ್ನುವುದೊಂದೇ ಅಲ್ಲ. ಓಪನ್‌ಬಾಕ್ಸ್ ಬರೀ ವಿಂಡೋ ಮ್ಯಾನೇಜರ್. ಕಿಟಕಿಗಳಿಗೆ ಚೌಕಟ್ಟು ಹಾಕಿ, ಸರಿಸಿ, ಹಿಗ್ಗಿಸಿ ಕುಗ್ಗಿಸುವುದಷ್ಟೇ ಅದರ ಕೆಲಸ. ಪ್ಯಾನೆಲ್, ಫೈಲ್ ಮ್ಯಾನೇಜರ್, ಸೆಟ್ಟಿಂಗ್ಸ್ ಎಲ್ಲ ಒಂದೇ ಕಟ್ಟಾಗಿ ಬಂದರೆ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್. ಕುದುರೆಯ ಜೀನು ಲಗಾಮು ಎಲ್ಲ ಸೇರಿ 'ಸಜ್ಜು' ಅನ್ನುವ ಹಾಗೆ ಇದನ್ನೂ 'ಡೆಸ್ಕ್‌ಟಾಪ್ ಸಜ್ಜು' ಅನ್ನಬಹುದೇ? ಆಗ ಎಲ್‌ಎಕ್ಸ್‌ಡಿಇ 'ಹಗುರ ಸಜ್ಜು', ನಾವು ಬಿಡಿಬಿಡಿಯಾಗಿ ಕೂಡಿಸಿಕೊಂಡದ್ದು 'ಮಿತ ಸಜ್ಜು'. ವಿಂಡೋ ಮ್ಯಾನೇಜರ್‌ಗೆ ಮಾತ್ರ ನನಗೆ ಏನೂ ಹೊಳೆದಿಲ್ಲ. 'ಕಿಟಕಿ ನಿರ್ವಾಹಕ' ಅಂದರೆ ಮಕ್ಕಳಿಗೆ ಬಸ್ಸಿನ ಕಂಡಕ್ಟರ್ ನೆನಪಾಗುತ್ತಾರೆ.

ಸೋಮವಾರ ಹಾಳೆಗಳನ್ನು ಮತ್ತೆ ಪ್ರಿಂಟ್ ತೆಗೆಸಬೇಕು. ಅಷ್ಟರೊಳಗೆ, ನಿಮ್ಮೂರ ಮಾತಿನಲ್ಲಿ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.